ಹಣ್ಣಿನ ರಸ ಮದ್ಯವಾಗುವುದು ಯಾವಾಗ?

ಮದ್ಯ ಹರಾಮ್ ಎಂಬುದನ್ನು ಮುಸ್ಲಿಮ್ ಮನೆಯ ಚಿಕ್ಕ ಮಗುವೂ ಬಲ್ಲದು. ಬಾಟಲಿಯ ಮೇಲೆ ವಿಸ್ಕಿ ಅಥವಾ ಬ್ರಾಂದಿ ಎಂದು ಬರೆದಿದ್ದರೆ ಅದನ್ನು ಮನೆಯ ಹೊಸ್ತಿಲು ದಾಟಿಸಲು ನಾವು ಹಿಂಜರಿಯುತ್ತೇವೆ. ಆದರೆ ಅದೇ ವಸ್ತು ಹಣ್ಣಿನ ರಸದ ರೂಪದಲ್ಲಿ, ಅಡುಗೆಯ ಹವ್ಯಾಸದ ಹೆಸರಿನಲ್ಲಿ ಬಂದರೆ?

ಕೆನಡಾ, ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳ ಅಂಗಡಿಗಳಲ್ಲಿ ಮನೆಯಲ್ಲೇ ವೈನ್ ತಯಾರಿಸುವ 'ಕಿಟ್' ಎಂಬ ಪೆಟ್ಟಿಗೆಗಳು ಬಹಿರಂಗವಾಗಿ ಮಾರಾಟವಾಗುತ್ತವೆ. ಓದಿಗಾಗಿ, ಉದ್ಯೋಗಕ್ಕಾಗಿ ಅಲ್ಲಿಗೆ ಹೋದ ನಮ್ಮ ಮಕ್ಕಳು ಅದನ್ನು ನೋಡುತ್ತಾರೆ. ಪೆಟ್ಟಿಗೆ ಇಲ್ಲದೆಯೂ ದ್ರಾಕ್ಷಿ, ಸಕ್ಕರೆ ಮತ್ತು ಯೀಸ್ಟ್ ಬೆರೆಸಿ ಭರಣಿಯಲ್ಲಿಡುವ ವಿಧಾನ ನಮ್ಮ ಕರಾವಳಿಯಲ್ಲೂ ಹೊಸದೇನಲ್ಲ. 'ಇದು ಮನೆಯಲ್ಲಿ ಮಾಡಿದ್ದು, ಬರೇ ಹಣ್ಣಿನ ರಸ, ಇದರಲ್ಲಿ ಅಮಲಿಲ್ಲ' ಎಂಬ ಮಾತು ಅದರ ಜೊತೆಗೇ ಬರುತ್ತದೆ. ಈ ಮಾತು ಎಷ್ಟು ಸರಿ? ಭಾವುಕತೆಯನ್ನು ಬದಿಗಿಟ್ಟು ಇದನ್ನು ಸ್ವಲ್ಪ ಪರಿಶೀಲಿಸೋಣ.

ಪೆಟ್ಟಿಗೆಯೊಳಗೆ ಏನಿದೆ?

ಪೆಟ್ಟಿಗೆಯನ್ನು ತೆರೆದರೆ ಮದ್ಯವೆಂದು ಹೇಳಬಹುದಾದ ಒಂದು ಹನಿಯೂ ಅದರಲ್ಲಿಲ್ಲ. ಕುದಿಸಿ ಗಟ್ಟಿ ಮಾಡಿದ ದ್ರಾಕ್ಷಾರಸದ ಚೀಲ, ಒಂದು ಪೊಟ್ಟಣ ಯೀಸ್ಟ್, ಪಾನೀಯವನ್ನು ತಿಳಿಗೊಳಿಸುವ ಒಂದು ಬಗೆಯ ಜೇಡಿಮಣ್ಣು, ಕೆಡದಂತೆ ಕಾಪಾಡುವ ಗಂಧಕದ ಪುಡಿ. ಇಷ್ಟೇ. ನೀರು ಬೆರೆಸಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಡಬೇಕು. ಮುಚ್ಚಳದಲ್ಲಿ ಒಳಗಿನ ಅನಿಲ ಹೊರಹೋಗುವಂತೆ, ಹೊರಗಿನ ಗಾಳಿ ಒಳಬರದಂತೆ ನೀರಿನ ಬೀಗವೊಂದಿರುತ್ತದೆ. ಸಾಮಾನ್ಯವಾಗಿ ಒಂದು ಪೆಟ್ಟಿಗೆಯಿಂದ 23 ಲೀಟರ್, ಅಂದರೆ ಸುಮಾರು 30 ಬಾಟಲಿ ವೈನ್ ನಾಲ್ಕರಿಂದ ಎಂಟು ವಾರಗಳಲ್ಲಿ ಸಿದ್ಧವಾಗುತ್ತದೆ.

ಗಮನಿಸಿ. ದ್ರಾಕ್ಷಾರಸ ಹಲಾಲ್. ಸಕ್ಕರೆ ಹಲಾಲ್. ನೀರು ಹಲಾಲ್. ಬ್ರೆಡ್ಡಿಗೆ ಹಾಕುವ ಯೀಸ್ಟ್ ಕೂಡ ಹಲಾಲ್. ಹಾಗಾದರೆ ಹರಾಮ್ ಎಲ್ಲಿಂದ ಬಂತು?

ಯೀಸ್ಟ್ ಒಂದು ಸೂಕ್ಷ್ಮಜೀವಿ. ಗಾಳಿಯಿಲ್ಲದ ಕಡೆ ಅದು ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಹೊರಹಾಕುತ್ತದೆ. ಒಂದು ಇಂಗಾಲದ ಡೈಆಕ್ಸೈಡ್, ಇನ್ನೊಂದು ಆಲ್ಕೊಹಾಲ್. ಭರಣಿಯಲ್ಲಿ ಏಳುವ ಗುಳ್ಳೆಗಳು ಮೊದಲನೆಯದರ ಗುರುತು. ಎರಡನೆಯದು ಕಣ್ಣಿಗೆ ಕಾಣದೆ ಒಳಗೇ ಉಳಿಯುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹೀಗೆ ಕರಗಿದರೆ ಶೇಕಡಾ 1ರಷ್ಟು ಆಲ್ಕೊಹಾಲ್ ಉತ್ಪತ್ತಿಯಾಗುತ್ತದೆ. ಲೀಟರಿಗೆ 200 ಗ್ರಾಂ ಸಕ್ಕರೆಯಿದ್ದರೆ ಶೇಕಡಾ 12ರ ಸಮೀಪಕ್ಕೆ ಬರುತ್ತದೆ. ಇದು ಸಾಧಾರಣ ಬಿಯರಿನ ಎರಡು ಪಟ್ಟಿಗಿಂತಲೂ ಹೆಚ್ಚು. ಯೀಸ್ಟಿಗೆ ಕಾರ್ಖಾನೆಯ ಪೀಪಾಯಿ ಮತ್ತು ಅಡುಗೆಮನೆಯ ಭರಣಿಯ ವ್ಯತ್ಯಾಸ ತಿಳಿಯದು. ಆದುದರಿಂದ 'ಮನೆಯದ್ದಾದ ಕಾರಣ ಅಮಲಿಲ್ಲ' ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ವಾರಗಟ್ಟಲೆ ಮುಚ್ಚಿಟ್ಟು ಹುಳಿಸಿದ ಸಿಹಿರಸ ಮದ್ಯವೇ ಆಗಿದೆ.

ಪ್ರವಾದಿಯವರ(ಸ) ಮನೆಯ ಪಾನಕ

ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ಮಾಡುವ ಪಾನಕಕ್ಕೆ ಅರಬರು 'ನಬೀಝ್' ಎನ್ನುತ್ತಿದ್ದರು. ಪ್ರವಾದಿ ಮುಹಮ್ಮದ್(ಸ) ಇದನ್ನು ಸೇವಿಸುತ್ತಿದ್ದರು. ಬೆಳಿಗ್ಗೆ ನೆನೆಸಿದ್ದನ್ನು ಸಂಜೆ, ಸಂಜೆ ನೆನೆಸಿದ್ದನ್ನು ಬೆಳಿಗ್ಗೆ ಕುಡಿಯುತ್ತಿದ್ದರೆಂದು ಹ. ಆಯಿಶಾರಿಂದ(ರ) ವರದಿಯಾಗಿದೆ. ಮೂರನೆಯ ದಿನದ ಸಂಜೆ ದಾಟಿದ ಮೇಲೆ ಉಳಿದದ್ದನ್ನು ಚೆಲ್ಲಿಸುತ್ತಿದ್ದರೆಂದು ಹ. ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ಇವೆರಡೂ ಸಹೀಹ್ ಮುಸ್ಲಿಮ್‌ನಲ್ಲಿವೆ. ಸಿಹಿಯನ್ನು ಅವರು ತೊರೆಯಲಿಲ್ಲ, ಹಣ್ಣನ್ನು ತೊರೆಯಲಿಲ್ಲ. ರಸವು ಮದ್ಯವಾಗುವ ಅಂಚಿಗೆ ಬರುವ ಮುನ್ನವೇ ಕೈಬಿಟ್ಟರು.

ಅಬ್ದುಲ್ ಕೈಸ್ ಗೋತ್ರದ ನಿಯೋಗ ಬಂದಾಗ ಸೋರೆಬುರುಡೆ, ಟೊಳ್ಳು ಮಾಡಿದ ಮರದ ಬುಡ, ಟಾರು ಬಳಿದ ಪಾತ್ರೆ ಮುಂತಾದವುಗಳಲ್ಲಿ ಪಾನಕ ಇಡಬಾರದೆಂದು ಪ್ರವಾದಿ(ಸ) ಆಜ್ಞಾಪಿಸಿದ್ದರು. ವಿದ್ವಾಂಸರು ಇದರ ಕಾರಣವನ್ನು ಹೀಗೆ ವಿವರಿಸುತ್ತಾರೆ: ಇಂತಹ ಪಾತ್ರೆಗಳಲ್ಲಿ ರಸ ಬೇಗನೆ ಹುಳಿತು ಅಮಲೇರುತ್ತದೆ, ಹೊರಗಿನವರಿಗೆ ತಿಳಿಯುವುದಿಲ್ಲ. ತೊಗಲಿನ ಚೀಲದಲ್ಲಾದರೋ ಅನಿಲ ತುಂಬಿ ಚೀಲ ಉಬ್ಬಿ ಬಿರಿಯುತ್ತದೆ, ಮನೆಯವರಿಗೆ ಎಚ್ಚರಿಕೆ ಸಿಗುತ್ತದೆ. ಮುಂದೆ ಪಾತ್ರೆಗಳ ಮೇಲಿನ ನಿಷೇಧವನ್ನು ಸಡಿಲಿಸಲಾಯಿತು. ಯಾವ ಪಾತ್ರೆಯಲ್ಲಾದರೂ ಕುಡಿಯಬಹುದು, ಆದರೆ ಅಮಲೇರಿಸುವುದನ್ನು ಕುಡಿಯಬಾರದು ಎಂಬುದು ಶಾಶ್ವತ ನಿಯಮವಾಯಿತು. ಇಂದಿನ ಕಿಟ್‌ನ ನೀರಿನ ಬೀಗ ಮಾಡುವುದಾದರೂ ಏನು? ಪಾತ್ರೆ ಬಿರಿಯದಂತೆ ಅನಿಲವನ್ನು ಹೊರಬಿಟ್ಟು ಅಮಲನ್ನು ಒಳಗೇ ಬೆಳೆಯಗೊಡುತ್ತದೆ!

ಹೆಸರಿನ ಮೋಸ

ಅಮೆರಿಕದಲ್ಲಿ 1920ರ ಜನವರಿಯಲ್ಲಿ ದೇಶವ್ಯಾಪಿ ಪಾನನಿಷೇಧ ಜಾರಿಗೆ ಬಂತು. ಆದರೆ ಮನೆಯಲ್ಲಿ ಸ್ವಂತ ಬಳಕೆಗೆ ಅಮಲೇರಿಸದ ಹಣ್ಣಿನ ರಸ ತಯಾರಿಸಲು ಕಾನೂನಿನಲ್ಲಿ ರಿಯಾಯಿತಿಯಿತ್ತು. ವ್ಯಾಪಾರಿಗಳಿಗೆ ಇಷ್ಟು ಸಾಕಾಯಿತು. ದ್ರಾಕ್ಷಾರಸವನ್ನು ಒಣಗಿಸಿ ಇಟ್ಟಿಗೆಯಂತೆ ಮಾಡಿ ಮಾರತೊಡಗಿದರು. ನೀರಿನಲ್ಲಿ ಕರಗಿಸಿ ಇಷ್ಟು ದಿನ ಮುಚ್ಚಿಡಬೇಡಿ, ಇಟ್ಟರೆ ವೈನ್ ಆಗಿಬಿಡುತ್ತದೆ ಎಂಬ 'ಎಚ್ಚರಿಕೆ'ಯೂ ಅದರ ಮೇಲಿರುತ್ತಿತ್ತು. ಎಚ್ಚರಿಕೆಯ ವೇಷದಲ್ಲಿ ತಯಾರಿಕೆಯ ವಿಧಾನವನ್ನೇ ಕಲಿಸಲಾಗಿತ್ತು. ಕ್ಯಾಲಿಫೋರ್ನಿಯಾದ ಬೆಳೆಗಾರರ ಕಂಪೆನಿಯೊಂದು 'ವೈನ್-ಗ್ಲೋ' ಎಂಬ ಹೆಸರಿನಲ್ಲಿ ಗಟ್ಟಿರಸವನ್ನು ಮನೆಮನೆಗೆ ತಲುಪಿಸುತ್ತಿತ್ತು. ಅದು ಸುಮಾರು ಎರಡು ತಿಂಗಳಲ್ಲಿ ವೈನ್ ಆಗುತ್ತಿತ್ತು. 1931ರಲ್ಲಿ ಅದರ ಮಾರಾಟ ನಿಂತಿತು. 1933ರಲ್ಲಿ ಪಾನನಿಷೇಧವೇ ರದ್ದಾಯಿತು.

ಈಗ ಮದೀನದ ಕಡೆಗೆ ನೋಡಿ. ಮದ್ಯ ನಿಷೇಧದ ಆಜ್ಞೆ ಬಂದ ದಿನ ಹ. ಅನಸ್(ರ) ತಮ್ಮ ಮಲತಂದೆ ಹ. ಅಬೂತಲ್ಹಾರ(ರ) ಮನೆಯಲ್ಲಿ ಅತಿಥಿಗಳಿಗೆ ಪಾನೀಯ ಬಡಿಸುತ್ತಿದ್ದರು. ಅದು ಖರ್ಜೂರದಿಂದ ತಯಾರಿಸಿದ ಮದ್ಯವಾಗಿತ್ತು. ಹೊರಗೆ ಘೋಷಣೆ ಕೇಳಿಸಿತು. ಹೊರಗೆ ಚೆಲ್ಲಿಬಿಡಲು ಅಬೂತಲ್ಹಾ(ರ) ಹೇಳಿದರು. ಮದೀನದ ಬೀದಿಗಳಲ್ಲಿ ಮದ್ಯ ಹರಿಯಿತು. 'ಇದು ದ್ರಾಕ್ಷಿಯದ್ದಲ್ಲ, ನಮ್ಮ ತೋಟದ ಖರ್ಜೂರದ್ದು, ಮನೆಯಲ್ಲಿ ಮಾಡಿದ್ದು' ಎಂದು ಅಲ್ಲಿ ಒಬ್ಬರೂ ವಾದಿಸಲಿಲ್ಲ. ಒಂದೆಡೆ ಪೊಲೀಸರು, ನ್ಯಾಯಾಲಯಗಳು ಎಲ್ಲವೂ ಇದ್ದು ಕಾನೂನಿನ ಬಿರುಕು ಹುಡುಕಿದ ಸಮಾಜ. ಇನ್ನೊಂದೆಡೆ ಒಂದು ಘೋಷಣೆ ಕೇಳಿದೊಡನೆ ಕೈಯಲ್ಲಿದ್ದ ಬಟ್ಟಲನ್ನು ಚೆಲ್ಲಿದ ಸಮಾಜ. ವ್ಯತ್ಯಾಸವಿರುವುದು ಹೃದಯದಲ್ಲಿ.

ಹ. ಉಮರ್(ರ) ಮಿಂಬರ್‌ನಲ್ಲಿ ನಿಂತು ಇದನ್ನು ಸ್ಪಷ್ಟಪಡಿಸಿದರು. ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಜವೆ ಇವುಗಳಿಂದ ಮದ್ಯ ತಯಾರಾಗುತ್ತಿತ್ತು. ಆದರೆ ಬುದ್ಧಿಯನ್ನು ಮುಚ್ಚುವ ವಸ್ತು ಯಾವುದಿದ್ದರೂ ಅದು ಮದ್ಯವೇ ಎಂದರು. ಜನರು ಮದ್ಯಕ್ಕೆ ಬೇರೆ ಹೆಸರಿಟ್ಟು ಕುಡಿಯುವ ಕಾಲ ಬರಲಿದೆಯೆಂದು ಪ್ರವಾದಿ(ಸ) ಮುಂಚೆಯೇ ಎಚ್ಚರಿಸಿದ್ದಾರೆ.

ಕೆಲವು ಸಂಶಯಗಳು

'ಒಂದು ಗುಟುಕಿಗೆ ಅಮಲೇರುವುದಿಲ್ಲವಲ್ಲ?' ಹೆಚ್ಚು ಕುಡಿದರೆ ಅಮಲೇರಿಸುವ ವಸ್ತುವನ್ನು ಸ್ವಲ್ಪ ಕುಡಿಯುವುದೂ ಹರಾಮ್ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ.

'ನಾವು ಕುಡಿಯುವುದಿಲ್ಲ, ಮಾಡಿ ಗೆಳೆಯರಿಗೆ ಕೊಡುತ್ತೇವೆ.' ಮದ್ಯದ ವಿಷಯದಲ್ಲಿ ಶಪಿಸಲ್ಪಟ್ಟ ಹತ್ತು ಮಂದಿಯಲ್ಲಿ ಕುಡಿಯುವವನು ಒಬ್ಬ ಮಾತ್ರ. ಹಿಂಡುವವನು, ಹಿಂಡಿಸುವವನು, ಹೊರುವವನು, ಬಡಿಸುವವನು, ಮಾರುವವನು, ಕೊಳ್ಳುವವನು, ಅದರ ಬೆಲೆ ತಿನ್ನುವವನು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ನಮ್ಮ ರಾಜ್ಯದಲ್ಲಿ ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಸೌದಿ, ಕುವೈತ್‌ಗಳಲ್ಲಿ ಕೋಣೆಯಲ್ಲಿ ರಸ ಹುಳಿಸಿದವನಿಗೆ ಸೆರೆಮನೆಯೂ ಗಡೀಪಾರೂ ಕಾದಿರುತ್ತದೆ.

'ಹಾಗಾದರೆ ಇಡ್ಲಿ ಹಿಟ್ಟು, ಬ್ರೆಡ್ಡು?' ಅನಗತ್ಯ ಸಂಶಯ ಬೇಡ. ಇಡ್ಲಿ ಹಿಟ್ಟು ಹುಳಿಯುತ್ತದೆ, ಬ್ರೆಡ್ಡು ಉಬ್ಬುತ್ತದೆ. ಆದರೆ ಹೊಟ್ಟೆ ಬಿರಿಯುವಷ್ಟು ತಿಂದರೂ ಯಾರಿಗೂ ಅಮಲೇರದು. ಮಾನದಂಡ ಹುಳಿಯಲ್ಲ, ಅಮಲು.

'ವಿನೆಗರ್?' ಅದು ಹಲಾಲ್ ಮಾತ್ರವಲ್ಲ, ಪ್ರವಾದಿಯವರು(ಸ) ಹೊಗಳಿದ ವ್ಯಂಜನ. ಮದ್ಯವು ತಾನಾಗಿ ವಿನೆಗರ್ ಆದರೆ ಅದು ಶುದ್ಧವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿದೆ. ಬೇರೇನಾದರೂ ಬೆರೆಸಿ ಹಾಗೆ ಪರಿವರ್ತಿಸುವುದನ್ನು ಹನಫಿಗಳು ಒಪ್ಪುತ್ತಾರೆ, ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈಗಳು ಒಪ್ಪುವುದಿಲ್ಲ. ತಮ್ಮ ಮದ್‌ಹಬ್‌ನ ವಿದ್ವಾಂಸರಲ್ಲಿ ಕೇಳಿ ತಿಳಿಯುವುದು ಉತ್ತಮ.

ಮನೆಯ ಹೊಣೆ

ತಾಯಂದಿರು ಈ ವಿಷಯದಲ್ಲಿ ವಿಶೇಷ ಗಮನ ಹರಿಸಬೇಕು. ಇಫ್ತಾರಿಗೆ ನೆನೆಸಿದ ಖರ್ಜೂರದ ನೀರು, ಹಿಂಡಿಟ್ಟ ದ್ರಾಕ್ಷಾರಸ ಇವುಗಳನ್ನು ಆ ದಿನವೇ ಮುಗಿಸಿರಿ, ಉಳಿದರೆ ಫ್ರಿಜ್ಜಿನಲ್ಲಿಡಿರಿ. ನೊರೆಯೆದ್ದು ಗುಳ್ಳೆ ಬಂದು ವಾಸನೆ ಬದಲಾದರೆ ಚೆಲ್ಲಿರಿ. ಪೋಲಾಯಿತೆಂದು ಮರುಗಬೇಡಿರಿ, ಮೂರು ದಿನ ದಾಟಿದ ಪಾನಕವನ್ನು ಚೆಲ್ಲಿಸಿದವರು ನಮ್ಮ ಪ್ರವಾದಿ(ಸ). ಕ್ರೈಸ್ತ ನೆರೆಯವರು ಕ್ರಿಸ್ಮಸ್‌ಗೆ ಪ್ರೀತಿಯಿಂದ ಮನೆಯ ವೈನ್ ತಂದರೆ ಮುಖ ಸಿಂಡರಿಸಬೇಡಿರಿ. ನಗುಮುಖದಿಂದ ಕಾರಣ ಹೇಳಿ, ಬೇರೆ ತಿಂಡಿಯನ್ನು ಸ್ವೀಕರಿಸಿರಿ. ಮರ್ಯಾದೆಯಿಂದ ಹೇಳಿದ ಕಾರಣವನ್ನು ಒಳ್ಳೆಯ ನೆರೆಯವರು ಗೌರವಿಸುತ್ತಾರೆ. ದೂರದ ಊರಲ್ಲಿರುವ ಮಗನಿಗೆ 'ಹರಾಮ್' ಎಂಬ ಒಂದೇ ಮಾತನ್ನು ಹೇಳಿ ಸುಮ್ಮನಾಗದೆ, ಏಕೆ ಮತ್ತು ಹೇಗೆ ಎಂಬುದನ್ನೂ ತಿಳಿಸಿರಿ. ಕಾರಣ ತಿಳಿದವನು ಒಂಟಿಯಾಗಿದ್ದಾಗಲೂ ದೃಢವಾಗಿರುತ್ತಾನೆ.

ಮದ್ಯದಲ್ಲಿ ಸ್ವಲ್ಪ ಲಾಭವಿದ್ದರೂ ಪಾಪವು ಅದಕ್ಕಿಂತ ದೊಡ್ಡದೆಂದು ಅಲ್‌ಬಕರಾ ಅಧ್ಯಾಯದಲ್ಲಿ ತಿಳಿಸಿದ ಅಲ್ಲಾಹನು, ಅಲ್‌ಮಾಇದಾ ಅಧ್ಯಾಯದಲ್ಲಿ ಅದರಿಂದ ದೂರವಿರಲು ಆಜ್ಞಾಪಿಸಿದ್ದಾನೆ. ಅದು ಪರಸ್ಪರ ಹಗೆತನ ಬಿತ್ತಿ, ದೇವಸ್ಮರಣೆ ಮತ್ತು ನಮಾಝ್‌ನಿಂದ ತಡೆಯುತ್ತದೆಂಬ ಕಾರಣವನ್ನೂ ಹೇಳಿದ್ದಾನೆ. ಅದು ಅಂಗಡಿಯಿಂದ ಬಂದರೂ ನಮ್ಮ ಕೈಯಿಂದಲೇ ತಯಾರಾದರೂ ಈ ಕೇಡು ಬದಲಾಗದು. ನಮ್ಮ ಅಡುಗೆಮನೆಗಳನ್ನು ಶುದ್ಧವಾಗಿಡುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.