ಒಣನಾಡಿನ ಬೇಸಾಯವೂ ಗಣಕದ ಭೂಪಟವೂ

‘ಜಲಾನಯನ’ ಎಂಬುದು ಜಲ, ಆನಯನ ಎಂಬೆರಡು ಪದಗಳು ಕೂಡಿ ಆದ ಸಮಾಸ. ಆನಯನವೆಂದರೆ ತರುವಿಕೆ. ಯಾವ ನೆಲದ ಮೇಲೆ ಬಿದ್ದ ಮಳೆಯು ಹರಿದು ಒಂದೇ ಹಳ್ಳವನ್ನು ಸೇರುವುದೋ ಆ ನೆಲವೆಲ್ಲ ಆ ಹಳ್ಳದ ಜಲಾನಯನ ಪ್ರದೇಶವೆನಿಸುತ್ತದೆ. ಅದರ ಎಲ್ಲೆಯನ್ನು ನಿರ್ಣಯಿಸುವುದು ದಿಣ್ಣೆಯ ನೆತ್ತಿಯೇ ಹೊರತು ಸರ್ವೆಯ ಕಲ್ಲಲ್ಲ. ಮಳೆ ಕಡಮೆಯಾದ ನಾಡಿನ ಬೇಸಾಯವನ್ನು ಕುರಿತ ವಿಚಾರವು ಇಲ್ಲಿಂದಲೇ ಮೊದಲಾಗತಕ್ಕದ್ದು.

ಪೂರ್ವಿಕರು ಇದನ್ನು ಅರಿಯದವರಲ್ಲ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಇಂದಿನ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನವು ಉತ್ತಮ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿ ಹೇಳಿದೆ. ನೀರು ಅಲ್ಪವಾಗಿ ನೆಲ ವಿಸ್ತಾರವಾಗಿರುವುದು ಒಂದು ದೋಷ. ನೆಲ ಅಲ್ಪವಾಗಿ ನೀರು ಅತಿಯಾಗಿರುವುದು ಇನ್ನೊಂದು. ನೀರಿಗೂ ನೆಲಕ್ಕೂ ಇರಬೇಕಾದ ಈ ತೂಕವನ್ನು ಅಂದಿನವರು ಕಣ್ಣಳತೆಯಿಂದಲೂ ಅನುಭವದಿಂದಲೂ ಕಂಡುಕೊಂಡರು. ಇಂದು ಅದಕ್ಕೆ ಗಣಕಯಂತ್ರವು ನೆರವಾಗಿದೆ.

ಭೂಪಟದ ತಂತ್ರಾಂಶವು ಪದರಗಳ ಮೇಲೆ ಪದರಗಳನ್ನು ಹೊದಿಸಿದಂತೆ ಕೆಲಸ ಮಾಡುತ್ತದೆ. ನೆಲದ ಎತ್ತರ ಒಂದು ಪದರ, ಮಣ್ಣಿನ ಗುಣ ಮತ್ತೊಂದು, ಹಳ್ಳಕೊಳ್ಳಗಳು ಇನ್ನೊಂದು, ಬೆಳೆ ಮಗುದೊಂದು. ಎತ್ತರದ ಪದರದಲ್ಲಿ ನೆಲವು ಚಿಕ್ಕ ಚಿಕ್ಕ ಚೌಕಗಳಾಗಿ ವಿಭಾಗವಾಗಿರುತ್ತದೆ. ಪ್ರತಿಯೊಂದು ಚೌಕದ ಸುತ್ತಲಿನ ಎಂಟು ಚೌಕಗಳಲ್ಲಿ ಯಾವುದರ ಕಡೆಗೆ ಇಳಿಜಾರು ಹೆಚ್ಚೋ ಆ ಕಡೆಗೆ ನೀರು ಹರಿಯುವುದೆಂದು ಯಂತ್ರವು ಗಣಿಸುತ್ತದೆ. ಹೀಗೆ ಹರಿವುಗಳನ್ನು ಕೂಡಿಸುತ್ತ ಹೋದರೆ ಹಳ್ಳದ ದಾರಿಯೂ ಜಲಾನಯನದ ಎಲ್ಲೆಯೂ ತಾವಾಗಿ ಮೂಡುತ್ತವೆ. ಬದು ಎಲ್ಲಿ, ಕೃಷಿಹೊಂಡ ಎಲ್ಲಿ, ಇಂಗುಕೆರೆ ಎಲ್ಲಿ ಎಂಬುದು ಆಗ ಸ್ಪಷ್ಟವಾಗುತ್ತದೆ.

ಕರ್ನಾಟಕದಲ್ಲಿ 2001ರಲ್ಲಿ ಮೊದಲಾದ ‘ಸುಜಲ’ ಯೋಜನೆಯು ಉಪಗ್ರಹಚಿತ್ರಗಳನ್ನು ಈ ಕಾರ್ಯಕ್ಕೆ ಬಳಸಿಕೊಂಡಿತು. ಅದರ ಮೂರನೆಯ ಹಂತದಲ್ಲಿ ಮಣ್ಣಿನ ಆಳ, ಇಳಿಜಾರು, ಸವಕಳಿಗಳನ್ನು ಮೈಲಿಗೆ 8 ಅಂಗುಲದ ಗ್ರಾಮನಕಾಶೆಯ ಮೇಲೆಯೇ ಗುರುತಿಸಲಾಯಿತು. ಇದರಿಂದ ರೈತನು ತನ್ನ ಸರ್ವೆ ನಂಬರಿನ ಹೊಲದ ಗುಣವನ್ನು ತಾನೇ ತಿಳಿಯುವಂತಾಯಿತು.

ಲೆಕ್ಕದ ಮಹತ್ವವನ್ನು ಒಂದು ನಿದರ್ಶನದಿಂದ ಅರಿಯಬಹುದು. ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರು ಮಳೆ ಬಿದ್ದರೆ ಅದು 10 ಘನಮೀಟರು ನೀರು. 500 ಹೆಕ್ಟೇರಿನ ಜಲಾನಯನದಲ್ಲಿ ವರ್ಷಕ್ಕೆ 600 ಮಿಲಿಮೀಟರು ಮಳೆಯಾದರೆ 30 ಲಕ್ಷ ಘನಮೀಟರು. ಅದರಲ್ಲಿ ಹತ್ತನೆಯ ಒಂದು ಪಾಲು ಹೊರಕ್ಕೆ ಹರಿಯುವುದೆಂದೂ ಅದನ್ನೆಲ್ಲ ತಡೆದು ನಿಲ್ಲಿಸಿದರೆಂದೂ ಭಾವಿಸೋಣ. ದೊರೆಯುವುದು 3 ಲಕ್ಷ ಘನಮೀಟರು. ಕಬ್ಬಿಗೆ ಕನಿಷ್ಠ 1,500 ಮಿಲಿಮೀಟರು ನೀರು ಬೇಕು. ಮಳೆಯ 600ನ್ನು ಪೂರ್ತಿಯಾಗಿ ಕಳೆದರೂ ಉಳಿದ 900ನ್ನು ಒದಗಿಸಲು ಆ ನೀರು 33 ಹೆಕ್ಟೇರಿಗೆ ಮುಗಿದುಹೋಗುತ್ತದೆ. ಅದನ್ನೇ ತೆನೆಗಟ್ಟುವ ಹೊತ್ತಿನಲ್ಲಿ ಬಾಡುತ್ತಿರುವ ಜೋಳಕ್ಕೆ 50 ಮಿಲಿಮೀಟರಿನಂತೆ ಒಂದು ಸಲ ಹಾಯಿಸಿದರೆ 600 ಹೆಕ್ಟೇರಿಗೆ ಸಾಲುತ್ತದೆ. ಆವಿಯಾಗಿ ಹೋಗುವುದನ್ನು ಕಳೆದರೂ ಊರಿನ ಬಹುಪಾಲು ಹೊಲಗಳು ಬದುಕುತ್ತವೆ. ಕೆಲವರ ಸಿರಿಯೋ ಎಲ್ಲರ ಅನ್ನವೋ ಎಂಬ ಪ್ರಶ್ನೆಯನ್ನು ಭೂಪಟವು ಮುಂದಿಡುತ್ತದೆ. ಉತ್ತರವನ್ನು ಮಾತ್ರ ಊರವರೇ ಹೇಳಬೇಕು.

ಆದುದರಿಂದ ಭೂಪಟವು ಯಾರ ಕೈಯಲ್ಲಿದೆ ಎಂಬುದು ಮುಖ್ಯ. ಅಂತರ್ಜಲವಿರುವ ತಾಣವನ್ನು ತೋರುವ ಪಟವು ಉಳ್ಳವನೊಬ್ಬನಿಗೆ ಮಾತ್ರ ದೊರೆತರೆ ಅವನು ಅಲ್ಲಿ ಆಳವಾದ ಕೊಳವೆಬಾವಿಯನ್ನು ಕೊರೆಯಿಸಾನು. ನೆರೆಯವನ ತೆರೆದ ಬಾವಿ ಬತ್ತೀತು. ಅದೇ ಪಟವು ಗ್ರಾಮಸಭೆಯ ಮುಂದೆ ಹರಡಿದ್ದರೆ ನೆಲದೊಳಗಿನ ನೀರು ಎಲ್ಲರದೆಂಬ ಅರಿವು ಮೂಡೀತು. ಯಂತ್ರಕ್ಕೂ ಮಿತಿಯುಂಟು. ಚಿಕ್ಕ ಬದು, ಹೂತುಹೋದ ಕಾಲುವೆ, ಬೇಸಗೆಯಲ್ಲೂ ಒಸರುವ ಸೆಲೆ, ಇವು ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಣದೆ ಹೋಗಬಹುದು. ಅವುಗಳನ್ನು ಬಲ್ಲವರು ಊರಿನ ಹಿರಿಯರು.

2002ರಲ್ಲಿ ಆರಂಭವಾದ ‘ಕ್ಯೂಜಿಐಎಸ್’ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುತ್ತದೆ. ಇಸ್ರೋ ಸಂಸ್ಥೆಯು 2009ರಲ್ಲಿ ‘ಭುವನ್’ ಎಂಬ ಭೂಪಟವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಹಿರಿಯರನ್ನು ಕೇಳಿ ತಮ್ಮ ಊರಿನ ಬಾವಿ, ಕೆರೆ, ಹಳ್ಳಗಳನ್ನು ಅದರಲ್ಲಿ ಗುರುತಿಸುವ ಕಾರ್ಯವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಅಸಾಧ್ಯವಲ್ಲ. ಭೂಪಟವು ಒಂದು ಹನಿ ನೀರನ್ನೂ ಸೃಷ್ಟಿಸಲಾರದು. ಇರುವ ನೀರಿನ ಲೆಕ್ಕವನ್ನು ಎಲ್ಲರೂ ಕಾಣುವಂತೆ ಮಾಡುವುದೇ ಅದರ ಉಪಕಾರ. ಆ ಲೆಕ್ಕಕ್ಕೆ ತಕ್ಕಂತೆ ಬೆಳೆಯುವುದು ಮನುಷ್ಯನ ವಿವೇಕ.