ಕೇಳದೆ ಬಂದ ಸಾಲ

ಆಯ್ದಕ್ಕಿ ಮಾರಯ್ಯನು ನೆಲಕ್ಕುದುರಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಲಕ್ಕಮ್ಮನು ಅದನ್ನು ಒಳಗಿರಿಸಿಕೊಳ್ಳದೆ, ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳೆಂಬುದು ಶರಣಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆ ಅಕ್ಕಿಗೆ ಬಡ್ಡಿಯಿರಲಿಲ್ಲ. ಇಂದು ಅಂಚೆಯಲ್ಲಿ ಕೇಳದೆ ಬರುವ ಕ್ರೆಡಿಟ್ ಕಾರ್ಡಿನ ಆಹ್ವಾನದ ಹಿಂದೆ ಬಡ್ಡಿಯುಂಟು.

ಈ ಪದ್ಧತಿ ಹೊಸತಲ್ಲ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕವು ಫ್ರೆಸ್ನೋ ನಗರದವರಿಗೆ, ಅವರು ಬೇಡದಿದ್ದರೂ, ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಬೇಡದವರಿಗೆ ಕಾರ್ಡು ಕಳುಹಿಸುವುದನ್ನು 1970ರಲ್ಲಿ ಆ ದೇಶವೇ ಕಾನೂನಿನಿಂದ ನಿಷೇಧಿಸಬೇಕಾಯಿತು. ಕನ್ನಡ ಕರಾವಳಿಯಲ್ಲಾದರೋ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಯೋಜನೆಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲಿಯೇ ಸಂಗ್ರಹಿಸಿತು. ಅಂದು ಬಾಗಿಲಿಗೆ ಬಂದುದು ಉಳಿತಾಯದ ಕರೆ. ಇಂದು ಬರುತ್ತಿರುವುದು ಸಾಲದ ಕರೆ.

ಕಾರ್ಡೇ ಕೆಡುಕೆಂದು ಹೇಳಲಾಗದು. ತಿಂಗಳ ಸಂಬಳವುಳ್ಳವನು ಕೊಂಡುದರ ಹಣವನ್ನು ಗಡುವಿನೊಳಗೆ ಪೂರ್ತಿಯಾಗಿ ಸಲ್ಲಿಸಿದರೆ ಬಡ್ಡಿ ಬೀಳದು. ಆದರೆ ಭಟ್ಕಳದ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾ ತಾಲೂಕಿನ ತದಡಿ ಇವುಗಳನ್ನು ನೆಚ್ಚಿದ ಮನೆಗಳ ಆದಾಯವು ಋತುವಿಗೆ ಕಟ್ಟುಬಿದ್ದುದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿ ದಡದಲ್ಲಿದ್ದರೂ ಬಿಲ್ಲು ತಪ್ಪದೆ ಬರುತ್ತದೆ. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ 20,000 ರೂಪಾಯಿಗೆ ತಿಂಗಳ ಬಡ್ಡಿಯೇ 700. ವರ್ಷಕ್ಕೆ ನೂರಕ್ಕೆ 42. ಬಿಲ್ಲಿನಲ್ಲಿ ಕಾಣಿಸುವ 'ಕನಿಷ್ಠ ಪಾವತಿ'ಯನ್ನಷ್ಟೇ ಕಟ್ಟುತ್ತ ಹೋದವನಿಗೆ ಅಸಲು ಕರಗುವುದು ಬಹು ನಿಧಾನ. ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ 'ಮಿತಿ'ಯು ಯಾರ ದುಡಿಮೆಯೂ ಅಲ್ಲ, ಇನ್ನೂ ಮಾಡದ ಸಾಲದ ಅಳತೆ ಮಾತ್ರ. ಮಡದಿಗೆ ತಿಳಿಸದೆ ಸಹಿ ಹಾಕುವವನು ಲಕ್ಕಮ್ಮನ ಮಾತು ಹೇಳಬಹುದಾದವಳನ್ನೇ ದೂರವಿರಿಸಿದಂತಾಯಿತು.

ಕಾನೂನು ಈ ವಿಷಯದಲ್ಲಿ ಗೃಹಸ್ಥರ ಪಕ್ಷದಲ್ಲಿದೆ. ಕೋರದವರಿಗೆ ಕಾರ್ಡು ಕೊಡಕೂಡದೆಂದೂ, ಒಪ್ಪಿಗೆಯಿಲ್ಲದೆ ಕಾರ್ಡು ಕೊಟ್ಟು ಹಣ ವಿಧಿಸಿದರೆ ಅದನ್ನು ಹಿಂದಿರುಗಿಸಿ ಅದರ ಎರಡರಷ್ಟು ದಂಡವನ್ನೂ ತೆರಬೇಕೆಂದೂ ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನಗಳು ವಿಧಿಸಿದುವು. ಬರಿಯ ಆಹ್ವಾನಪತ್ರವಾದರೆ ಹರಿದು ಹಾಕಿದರೆ ಸಾಕು. ಕಾರ್ಡೇ ಬಂದಿದ್ದರೆ ಅದನ್ನು ಬಳಸದೆ, ಯಾರು ದೂರವಾಣಿಯಲ್ಲಿ ಕೇಳಿದರೂ ಓ.ಟಿ.ಪಿ. ಸಂಖ್ಯೆಯನ್ನು ಹೇಳದೆ, ಬ್ಯಾಂಕಿಗೆ ಲಿಖಿತವಾಗಿ ದೂರು ಕೊಡಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ಬರೆಯಬಹುದು.