ವೆಬ್ ಕ್ರಮವಿಧಿ ರಚನೆಯಲ್ಲಿ ಆಜ್ಞೆ, ಪ್ರಶ್ನೆ ಹಾಗೂ ಮಧ್ಯವರ್ತಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರೆಂಬುದು ಸರ್ವವಿದಿತ. ಚಕ್ರವರ್ತಿಯ ಆಜ್ಞೆಯು ಇಸಿಲದ ಮಹಾಮಾತ್ರರಿಗೆ ನೇರವಾಗಿ ಬಂದುದಲ್ಲ. ಸುವರ್ಣಗಿರಿಯ ಆರ್ಯಪುತ್ರ ಹಾಗೂ ಅಲ್ಲಿನ ಮಹಾಮಾತ್ರರ ಮೂಲಕ ಬಂದಿತು. ಆಜ್ಞೆ ಯಾರದು, ಯಾರ ಮೂಲಕ, ಯಾರಿಗೆ ಎಂಬುದು ಬ್ರಹ್ಮಗಿರಿಯ ಶಾಸನದ ಆರಂಭದಲ್ಲಿಯೇ ಸ್ಪಷ್ಟವಾಗಿದೆ. ಇಂದಿನ ವೆಬ್ ಕ್ರಮವಿಧಿಗಳಿಗೂ ಇಂತಹುದೇ ಶಿಸ್ತು ಅವಶ್ಯಕ.

ಚಳ್ಳಕೆರೆಯ ಮಾರುಕಟ್ಟೆಗೆ ಬರುವ ಶೇಂಗಾದ ವ್ಯವಹಾರಕ್ಕೆ ಒಂದು ವೆಬ್ ವ್ಯವಸ್ಥೆಯನ್ನು ರಚಿಸಬೇಕಾಗಿದೆಯೆಂದು ಭಾವಿಸಬಹುದು. ಆವಕ, ತೂಕ, ಹರಾಜು, ಪಾವತಿ, ವರದಿ ಎಂದು ಅದಕ್ಕೆ 5 ವಿಭಾಗಗಳು. ಪ್ರತಿಯೊಂದೂ ಉಳಿದೆಲ್ಲವುಗಳೊಡನೆ ನೇರವಾಗಿ ವ್ಯವಹರಿಸಿದರೆ 10 ಸಂಬಂಧಗಳು ಏರ್ಪಡುತ್ತವೆ. ಒಂದನ್ನು ತಿದ್ದಿದರೆ ಮಿಕ್ಕವೂ ಕದಲುತ್ತವೆ. ನಡುವೆ ಮಧ್ಯವರ್ತಿಯೊಂದನ್ನು ಇರಿಸಿದರೆ 5 ಸಂಬಂಧಗಳೇ ಸಾಕು. ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸ್ಸಿಡೆಸ್ ಎಂಬ ನಾಲ್ವರು ತಮ್ಮ 1994ರ ಗ್ರಂಥದಲ್ಲಿ ವಿವರಿಸಿದ ಮಧ್ಯವರ್ತಿ ವಿನ್ಯಾಸದ ತಿರುಳು ಇದೇ.

ಎರಡನೆಯ ನಿಯಮವನ್ನು ಬರ್ಟ್ರಾಂಡ್ ಮೇಯರ್ ಅವರು 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಪ್ರಶ್ನೆಯು ಉತ್ತರವನ್ನು ನೀಡಬೇಕು, ಏನನ್ನೂ ಬದಲಿಸಕೂಡದು. ಆಜ್ಞೆಯು ಸ್ಥಿತಿಯನ್ನು ಬದಲಿಸಬೇಕು, ಉತ್ತರವನ್ನು ನೀಡಕೂಡದು. ವ್ಯವಹಾರದಲ್ಲಿ ಆಜ್ಞೆಗೆ ಸ್ವೀಕೃತಿ ಸಂಖ್ಯೆಯನ್ನಷ್ಟೇ ಹಿಂದಿರುಗಿಸುವ ರೂಢಿಯುಂಟು.

ಈ ಭೇದವು ಕೇವಲ ಶಾಸ್ತ್ರಚರ್ಚೆಯಲ್ಲ. ರೈತನು ತನ್ನ ಪಹಣಿಯನ್ನು ನೋಡುವುದು ಪ್ರಶ್ನೆ. ಖಾತೆ ಬದಲಾವಣೆ ಆಜ್ಞೆ. ನೋಡಿದ ಮಾತ್ರಕ್ಕೆ ಪಹಣಿಯ ಒಂದಕ್ಷರವೂ ಬದಲಾಗಕೂಡದು. ಸಂಪರ್ಕ ಕಡಿದಾಗ ಒಂದೇ ಕೋರಿಕೆಯು ಎರಡು ಸಲ ಹೋಗುವುದು ವೆಬ್‌ನಲ್ಲಿ ಸಾಮಾನ್ಯ. ಪ್ರಶ್ನೆಯು ಎರಡು ಸಲ ಹೋದರೆ ಹಾನಿಯಿಲ್ಲ. ಪಾವತಿಯ ಆಜ್ಞೆಯು ಎರಡು ಸಲ ಜಾರಿಯಾದರೆ ಬಡವನ ಹಣವೇ ಹೋದೀತು. ಆದಕಾರಣ ಆಜ್ಞೆಗೆ ಪ್ರತ್ಯೇಕ ಗುರುತುಸಂಖ್ಯೆಯನ್ನಿತ್ತು, ಮರುಕಳಿಸಿದುದನ್ನು ತಡೆಯುವುದು ಯುಕ್ತ.

ಇನ್ನು ಟೈಪುಗಳ ವಿಚಾರ. 2012ರಲ್ಲಿ ಹೊರಬಂದ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ ಪ್ರತಿಯೊಂದು ಆಜ್ಞೆಗೂ ಪ್ರಶ್ನೆಗೂ ನಿರ್ದಿಷ್ಟ ಟೈಪನ್ನು ಗೊತ್ತುಪಡಿಸಬಹುದು. ‘ಬೆಲೆ ಕೂಗು’ ಎಂಬ ಆಜ್ಞೆಗೆ ರಾಶಿಯ ಸಂಖ್ಯೆ ಹಾಗೂ ಕ್ವಿಂಟಲ್ ಬೆಲೆ ಕಡ್ಡಾಯವೆಂದು ಬರೆದಿದ್ದರೆ, ರಾಶಿಯ ಸಂಖ್ಯೆಯನ್ನು ಬಿಟ್ಟ ತಪ್ಪು ಕ್ರಮವಿಧಿಯು ಓಡುವ ಮೊದಲೇ ಗೋಚರಿಸುತ್ತದೆ. ‘ಇಂದಿನ ದರ’ ಎಂಬ ಪ್ರಶ್ನೆಗೆ ಯಾವ ಬಗೆಯ ಉತ್ತರ ಬರುವುದೆಂಬುದೂ ಮೊದಲೇ ನಿಶ್ಚಿತ. ಆದರೆ ಕ್ರಮವಿಧಿಯು ಓಡುವಾಗ ಈ ಟೈಪುಗಳು ಉಳಿಯುವುದಿಲ್ಲ. ಹೊರಗಿನಿಂದ ಬಂದ ಮಾಹಿತಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು. ಪ್ರಶ್ನೆಯೆಂದು ಹೆಸರಿಟ್ಟ ಭಾಗವು ಗುಟ್ಟಾಗಿ ದಾಖಲೆಯನ್ನು ತಿದ್ದುವುದನ್ನೂ ಟೈಪು ತಾನಾಗಿ ತಡೆಯಲಾರದು. ಅದು ರಚನೆಕಾರನ ಹೊಣೆ.

ಮಧ್ಯವರ್ತಿಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ತಲುಪಿಸುವ ಕೆಲಸವನ್ನು ಮೀರಿ ದರನಿರ್ಣಯ, ಪಾವತಿ ಎಲ್ಲವನ್ನೂ ಅದರೊಳಗೆ ತುಂಬಿದರೆ, ಮಾರುಕಟ್ಟೆಯನ್ನೆಲ್ಲ ಒಬ್ಬನೇ ದಲ್ಲಾಳಿಯ ಕೈಗೆ ಒಪ್ಪಿಸಿದಂತಾಗುತ್ತದೆ. ಎರಡು ಮೂರು ಪುಟಗಳ ಸಣ್ಣ ರಚನೆಗೆ ಮಧ್ಯವರ್ತಿಯೇ ಬೇಕಿಲ್ಲ. ನೇರ ಸಂಬಂಧವೇ ಸುಲಭ.

ಗಣಕವಿದ್ಯೆಯನ್ನು ಕಲಿಸುವ ಅಧ್ಯಾಪಕರು ಭಾಷೆಯ ಸೂತ್ರಗಳಿಗಿಂತ ಮುಂಚೆ ಈ ವಿವೇಕವನ್ನು ಕಲಿಸುವುದು ಲೇಸು. ಇಂದಿನ ವಿದ್ಯಾರ್ಥಿಯು ನಾಳೆ ರಚಿಸುವ ಕ್ರಮವಿಧಿಯಲ್ಲಿ ಯಾವನೋ ಒಬ್ಬ ರೈತನ ಹಿಡುವಳಿ, ನೇಕಾರನ ಕೂಲಿ ಅಡಗಿರುತ್ತದೆ. ಕೇಳಿದವನಿಗೆ ಕೇಳಿದ್ದಷ್ಟೇ ದೊರೆಯಬೇಕು. ಆಜ್ಞೆಯಿತ್ತವನ ಕೆಲಸ ಒಮ್ಮೆಯೇ, ಸರಿಯಾಗಿ ನೆರವೇರಬೇಕು.